ಬಸ್ಸಿನ ಮನೆಗೆ ಯಾವ ಕಾವು?

(ಜನವರಿಯ ಒಂದು ಭಾನುವಾರ ಚಿಕ್ಕಬಳ್ಳಾಪುರದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಒಂದೆರಡು ಲೆಕ್ಕಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಒಳಗೆ ಬರುವಾಗ ಹುಣಸೆಮರದ ಕೆಳಗೆ ನಿಂತಿರುವ ನೀಲಿ ಬಸ್ಸನ್ನು ನೀವೆಲ್ಲ ನೋಡಿರುತ್ತೀರಿ. ವರ್ಷದಲ್ಲಿ ನಾಲ್ಕೈದು ತಿಂಗಳು ಅದೇ ನಮ್ಮ ಮನೆ. ನಮ್ಮ ಯಜಮಾನರು ಮೂವತ್ತು ವರ್ಷ ಬಸ್ ಓಡಿಸಿದವರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು. ಇಬ್ಬರೂ ರಿಟೈರ್ ಆದ ಮೇಲೆ ಶಾಲೆಯೊಂದರ ಹಳೇ ಬಸ್ ಕೊಂಡು, ಸೀಟು ಕಿತ್ತು, ಮಂಚ, ಅಡುಗೆ ಕಟ್ಟೆ, ಒಂದು ಪುಟ್ಟ ಬಚ್ಚಲು ಮಾಡಿಸಿಕೊಂಡೆವು. ಆರ್‌ಟಿಓ ಕೆಲಸಕ್ಕೇ ತಿಂಗಳುಗಟ್ಟಲೆ ಹಿಡಿಯಿತು. ಆ ಕಥೆ ಇವತ್ತು ಬೇಡ. ಇಷ್ಟು ಮಾತ್ರ ನೆನಪಿಡಿ: 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಗಾಡಿಯ ರೂಪ ಬದಲಿಸುವ ಮುಂಚೆ ಅನುಮತಿ ಬೇಕು. ಅದು ಕೈಗೆ ಬಂದ ಮೇಲೆಯೇ ಸ್ಪ್ಯಾನರ್ ಹಿಡಿಯಿರಿ.

ಬಸ್ ನೋಡಲು ಬರುವವರು ಮೊದಲು ಮಂಚ ನೋಡುತ್ತಾರೆ, ಆಮೇಲೆ ಅಡುಗೆ ಕಟ್ಟೆ ನೋಡುತ್ತಾರೆ. ಕೊನೆಗೆ ಕೇಳುವುದು ಒಂದೇ ಪ್ರಶ್ನೆ. "ಮೇಡಂ, ಚಳಿಗೆ ಯಾವ ಹೀಟರ್ ಹಾಕ್ಸೋಣ?" ನನಗೆ ಆ ಪ್ರಶ್ನೆ ಕೇಳಿದಾಗಲೆಲ್ಲ ನಮ್ಮ ದೊಡ್ಡಮ್ಮ ಕಣ್ಣ ಮುಂದೆ ಬರುತ್ತಾರೆ. ಅದಕ್ಕೇ ಅಲ್ಲಿಂದಲೇ ಶುರು ಮಾಡುತ್ತೇನೆ.

ನಾನು ಹುಟ್ಟಿದ್ದು ಶಿಡ್ಲಘಟ್ಟದ ಹತ್ತಿರ, ರೇಷ್ಮೆ ಬೆಳೆಯುವ ಮನೆಯಲ್ಲಿ. ಇಲ್ಲಿ ಕೂತಿರುವ ಎಷ್ಟೋ ಜನಕ್ಕೆ ಹುಳುಮನೆ ಗೊತ್ತಿರುತ್ತದೆ, ಅಲ್ವಾ? ಚಾಕಿ ಹುಳುವಿಗೆ, ಅಂದರೆ ಮೊಟ್ಟೆಯಿಂದ ಹೊಸದಾಗಿ ಬಂದ ಎಳೆ ಹುಳುವಿಗೆ, 26ರಿಂದ 28 ಡಿಗ್ರಿ ಕಾವು ಬೇಕು. ಡಿಸೆಂಬರ್ ಬಂತೆಂದರೆ ನಮ್ಮ ಕಡೆ ಬೆಳಗಿನ ಜಾವ 12–13 ಡಿಗ್ರಿಗೆ ಇಳಿಯುತ್ತದೆ. ಆಗ ಕಿಟಕಿಗೆ ಗೋಣಿತಾಟು ಕಟ್ಟಿ, ಬಾಗಿಲು ಬಿಗಿಯಾಗಿ ಮುಚ್ಚಿ, ಒಳಗೆ ಇದ್ದಿಲಿನ ಅಗ್ಗಿಷ್ಟಿಕೆ ಇಡುತ್ತಿದ್ದರು.

ನಾನಾಗ ಆರನೇ ಕ್ಲಾಸು. ಹುಳು ಎರಡನೇ ಜ್ವರದಿಂದ, ಅಂದರೆ ಎರಡನೇ ಸಲ ಪೊರೆ ಬಿಟ್ಟು, ಎದ್ದಿತ್ತು. ರಾತ್ರಿಯ ಸೊಪ್ಪು ಕೊಡಲು ದೊಡ್ಡಮ್ಮ ಲಾಟೀನು ಹಿಡಿದು ಒಳಗೆ ಹೋದರು. ಎಷ್ಟು ಹೊತ್ತಾದರೂ ಬರಲಿಲ್ಲ. ಅಮ್ಮ ಹೋಗಿ ಬಾಗಿಲು ತಳ್ಳಿದರೆ ದೊಡ್ಡಮ್ಮ ತಟ್ಟೆಯ ಸ್ಟ್ಯಾಂಡಿಗೆ ಒರಗಿ ಕೂತುಬಿಟ್ಟಿದ್ದರು. ಮಡಿಲಲ್ಲಿ ಕತ್ತರಿಸಿದ ಸೊಪ್ಪು ಹಾಗೇ ಇತ್ತು. ಕರೆದರೆ ಓ ಅನ್ನಲಿಲ್ಲ. ಅಮ್ಮ ತೋಳು ಹಿಡಿದು ಅಂಗಳಕ್ಕೆ ಎಳೆದು ತಂದರು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟರು, ವಾಂತಿ ಮಾಡಿಕೊಂಡರು. ಎರಡು ದಿನ ತಲೆ ಎತ್ತಲಾರದಷ್ಟು ನೋವು. "ಗಾಳಿ ಸೋಕಿದೆ" ಅಂತ ಅಜ್ಜಿ ಬೇವಿನ ಸೊಪ್ಪಿನಲ್ಲಿ ನಿವಾಳಿಸಿದರು.

ಎಷ್ಟೋ ವರ್ಷದ ಮೇಲೆ ಮಕ್ಕಳಿಗೆ ರಕ್ತದ ಪಾಠ ಮಾಡುತ್ತಿದ್ದೆ. ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೇಗೆ ಹಿಡಿಯುತ್ತದೆ ಅಂತ ಬೋರ್ಡಿನ ಮೇಲೆ ಬರೆಯುವಾಗ ಕೈ ನಿಂತುಬಿಟ್ಟಿತು. ದೊಡ್ಡಮ್ಮನಿಗೆ ಸೋಕಿದ್ದು ಗಾಳಿಯೇ. ಅದರ ಹೆಸರು ಕಾರ್ಬನ್ ಮಾನಾಕ್ಸೈಡ್. ಬೆಂಕಿಗೆ ಸಾಕಷ್ಟು ಗಾಳಿ ಸಿಗದೆ ಅರೆಬರೆ ಉರಿದಾಗ ಅದು ಹುಟ್ಟುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಕೆಮ್ಮು ಬರಿಸುವುದಿಲ್ಲ. ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ವಾಕರಿಕೆ, ಆಮೇಲೆ ನಿದ್ದೆಯಂಥ ಮಂಪರು. ಎಚ್ಚರ ಇದ್ದವರಿಗೆ ಎದ್ದು ಹೊರಗೆ ಹೋಗುವ ದಾರಿ ಇರುತ್ತದೆ. ಮಲಗಿದವರಿಗೆ ಅದೂ ಇಲ್ಲ.

ಹುಳುಮನೆಗೆ ನಾವು ಹೋಗಿ ಬಂದು ಮಾಡುತ್ತೇವೆ. ಬಸ್ಸಿನಲ್ಲಿ ಮಲಗುತ್ತೇವೆ. ಹುಳುಮನೆಗಿಂತ ಬಸ್ ಚಿಕ್ಕದು. ಅದಕ್ಕೇ ನಾನು ಹೀಟರ್ ಆರಿಸುವಾಗ ಬೇರೆಲ್ಲ ಪ್ರಶ್ನೆಗಿಂತ ಮುಂಚೆ ಒಂದನ್ನು ಕೇಳುತ್ತೇನೆ: ಈ ಬೆಂಕಿ ಯಾರ ಗಾಳಿಯನ್ನು ಉಸಿರಾಡುತ್ತದೆ? ಬೆಂಕಿ ಹೊರಗಿನ ಗಾಳಿ ಎಳೆದುಕೊಂಡು, ಹೊಗೆಯನ್ನು ಹೊರಗೇ ಬಿಡಬೇಕು. ಒಳಗೆ ಬರಬೇಕಾದ್ದು ಕಾವು ಮಾತ್ರ. ಈ ಪರೀಕ್ಷೆಯಲ್ಲಿ ಪಾಸಾಗದ ಯಾವುದನ್ನೂ, ಎಷ್ಟೇ ಅಗ್ಗಕ್ಕೆ ಸಿಕ್ಕರೂ, ಮಲಗುವ ಜಾಗಕ್ಕೆ ತರಬೇಡಿ.

ಸರಿ, ಈಗ ಬಸ್ಸಿಗೆ ಬರೋಣ. ಹೀಟರ್ ಅಂಗಡಿಗೆ ಹೋಗುವ ಮುಂಚೆ ಒಂದು ಲೆಕ್ಕ ಮಾಡಬೇಕು. ಕಷ್ಟದ್ದೇನಲ್ಲ.

ನಮ್ಮ ಬಸ್ಸಿನ ಒಳಭಾಗ ಸುಮಾರು 26 ಅಡಿ ಉದ್ದ, 7 ಅಡಿ ಅಗಲ, 6 ಅಡಿ ಚಿಲ್ಲರೆ ಎತ್ತರ. ನೆಲ, ಚಾವಣಿ, ಎರಡು ಪಕ್ಕ, ಹಿಂದೆ ಮುಂದೆ ಎಲ್ಲ ಸೇರಿಸಿದರೆ ಹತ್ತಿರಹತ್ತಿರ 800 ಚದರ ಅಡಿ ಮೈ. ಬರೀ ತಗಡು, ಬರೀ ಗಾಜು ಇದ್ದರೆ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸಕ್ಕೆ ಒಂದು ಚದರ ಅಡಿಯಿಂದ ಸುಮಾರು ಅರ್ಧ ವಾಟ್ ಶಾಖ ಸೋರಿಹೋಗುತ್ತದೆ. ಅಂದರೆ ಇಡೀ ಬಸ್ಸಿಗೆ ಡಿಗ್ರಿಗೆ 400 ವಾಟ್. ಹೊರಗೆ 10 ಡಿಗ್ರಿ, ಒಳಗೆ 20 ಬೇಕು ಅಂದರೆ 4,000 ವಾಟ್. ರಾತ್ರಿಯಿಡೀ ನಾಲ್ಕು ಇಸ್ತ್ರಿಪೆಟ್ಟಿಗೆ ಉರಿಸಿದಂತೆ. ಇದನ್ನು ಯಾವ ಹೀಟರ್ ತಂದು ತುಂಬುತ್ತೀರಿ?

ಅದೇ ಬಸ್ಸಿಗೆ ಒಂದೂವರೆ ಇಂಚು ದಪ್ಪದ ಫೋಮ್ ಅಥವಾ ಥರ್ಮಾಕೋಲ್ ಹಾಕಿ, ಮೇಲೆ ಪ್ಲೈವುಡ್ ಹೊಡೆದು, ಬೇಡದ ಕಿಟಕಿಗಳನ್ನು ಮುಚ್ಚಿಸಿದರೆ ಸೋರಿಕೆ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ನಮ್ಮ ಬಸ್ಸಿನಲ್ಲಿ ಉಳಿಸಿಕೊಂಡ ಗಾಜು 45 ಚದರ ಅಡಿಯಷ್ಟು ಮಾತ್ರ. ಈಗ ನಮ್ಮ ಲೆಕ್ಕ ಡಿಗ್ರಿಗೆ ಹತ್ತಿರಹತ್ತಿರ 100 ವಾಟ್. ಬಾಯಿಪಾಠ ಮಾಡಿಕೊಳ್ಳಲು ಸುಲಭ. 10 ಡಿಗ್ರಿ ವ್ಯತ್ಯಾಸಕ್ಕೆ 1,000 ವಾಟ್, 25 ಡಿಗ್ರಿಗೆ 2,500 ವಾಟ್. ದೊಡ್ಡ ಹೀಟರ್‌ಗೆ ಕೊಡುವ ದುಡ್ಡನ್ನು ಫೋಮ್‌ಗೆ ಕೊಡಿ ಅಂತ ನಾನು ಹೇಳುವುದು ಇದಕ್ಕೇ. ಬೇಸಿಗೆಯಲ್ಲೂ ಅದೇ ಫೋಮ್ ನಿಮ್ಮನ್ನು ಕಾಯುತ್ತದೆ.

ಇದರಲ್ಲಿ ನಮ್ಮಿಂದ ಒಂದು ತಪ್ಪಾಯಿತು. ಬಸ್ಸಿನ ಮೈಗೆ ಪಕ್ಕೆಲುಬಿನ ಹಾಗೆ ಕಬ್ಬಿಣದ ಚೌಕಟ್ಟು ಇರುತ್ತದಲ್ಲ, ಎರಡು ಪಕ್ಕೆಲುಬಿನ ನಡುವೆ ಮಾತ್ರ ಫೋಮ್ ತುಂಬಿಸಿ, ಕಬ್ಬಿಣದ ಮೇಲೆ ನೇರವಾಗಿ ಪ್ಲೈ ಹೊಡೆಸಿದ್ದೆವು. ಕಬ್ಬಿಣ ಥರ್ಮಾಕೋಲ್‌ಗಿಂತ ಸಾವಿರ ಪಟ್ಟಿಗೂ ಜಾಸ್ತಿ ಶಾಖ ದಾಟಿಸುತ್ತದೆ. ಮೊದಲ ಚಳಿಗಾಲ ಊಟಿಗೆ ಹೋದಾಗ ಬೆಳಿಗ್ಗೆ ಎದ್ದು ನೋಡಿದರೆ ಪ್ಲೈ ಮೇಲೆ ಎರಡೆರಡು ಅಡಿಗೆ ಒಂದೊಂದು ಒದ್ದೆ ಗೆರೆ. ಗೋಡೆಯ ಹಿಂದೆ ಪಕ್ಕೆಲುಬು ಎಲ್ಲೆಲ್ಲಿದೆ ಅಂತ ನೀರೇ ಬರೆದು ತೋರಿಸಿತ್ತು. ಬೆರಳು ಇಟ್ಟರೆ ಆ ಗೆರೆ ತಣ್ಣಗೆ, ಪಕ್ಕದ ಜಾಗ ಬೆಚ್ಚಗೆ. ಊರಿಗೆ ಬಂದು ಪ್ಲೈ ಎಲ್ಲ ಬಿಚ್ಚಿಸಿ, ಕಬ್ಬಿಣದ ಮೇಲೂ ಒಂದು ತೆಳು ಫೋಮ್ ಪಟ್ಟಿ ಅಂಟಿಸಿ ಮತ್ತೆ ಹೊಡೆಸಿದೆವು. ನೀವು ಮೊದಲ ಸಲವೇ ಇದನ್ನು ಮಾಡಿಬಿಡಿ.

ಕಿಟಕಿಗೆ ನಮ್ಮ ಕುರಿ ಉಣ್ಣೆಯ ಕಂಬಳಿಯಂಥ ಪರದೆ ಇನ್ನೊಂದಿಲ್ಲ. ಅಂಚಿಗೆ ಮ್ಯಾಗ್ನೆಟ್ ಹೊಲಿದರೆ ಕಿಟಕಿಯ ಚೌಕಟ್ಟಿಗೆ ತಾನೇ ಕಚ್ಚಿಕೊಳ್ಳುತ್ತದೆ.

ಈಗ ಹೀಟರ್‌ಗಳು. ಕರೆಂಟಿನದು ಮೊದಲು ಮುಗಿಸಿಬಿಡುತ್ತೇನೆ. 2,000 ವಾಟ್ ಹೀಟರ್ ಹತ್ತು ಗಂಟೆ ಉರಿದರೆ 20 ಯೂನಿಟ್. 12 ವೋಲ್ಟ್, 150 ಆಂಪಿಯರ್ ಗಂಟೆಯ ಒಂದು ಬ್ಯಾಟರಿಯಲ್ಲಿ ಇರುವುದು 1.8 ಯೂನಿಟ್. ಆಸಿಡ್ ಬ್ಯಾಟರಿಯಾದರೆ ಅದರ ಬಾಳಿಕೆ ದೃಷ್ಟಿಯಿಂದ ಅರ್ಧ ಮಾತ್ರ ತೆಗೆಯಬೇಕು. ಅಂದರೆ ಒಂದು ರಾತ್ರಿಗೆ ಇಪ್ಪತ್ತಕ್ಕೂ ಜಾಸ್ತಿ ಬ್ಯಾಟರಿ. ಚಾವಣಿ ಮೇಲೆ 1 ಕಿಲೋವಾಟ್ ಸೋಲಾರ್ ಇದ್ದರೂ ಒಳ್ಳೇ ಬಿಸಿಲಿನ ದಿನ ಬರುವುದು ನಾಲ್ಕು ಯೂನಿಟ್ ಆಸುಪಾಸು. ಯಾರದೋ ಮನೆ ಮುಂದೆ, ಹೋಂಸ್ಟೇ ಅಂಗಳದಲ್ಲಿ ಪ್ಲಗ್ ಸಿಕ್ಕಿದರೆ ಕರೆಂಟ್ ಹೀಟರ್‌ನಂಥ ಸುಖ ಇಲ್ಲ. ಹೊಗೆ ಇಲ್ಲ, ತೇವ ಇಲ್ಲ. ಪ್ಲಗ್ ಸಿಗದ ಕಡೆ ಅದರ ಆಸೆ ಬಿಡಬೇಕು. ಆದರೆ ಎಲೆಕ್ಟ್ರಿಕ್ ಕಂಬಳಿ ಬೇರೆ ವಿಷಯ. ಅದಕ್ಕೆ 60ರಿಂದ 100 ವಾಟ್ ಸಾಕು. ಇಡೀ ಬಸ್ ಕಾಯಿಸುವ ಬದಲು ಮಲಗಿದವರನ್ನು ಮಾತ್ರ ಬೆಚ್ಚಗಿಡುತ್ತದೆ. ಒಂದು ರಾತ್ರಿಗೆ ಅರ್ಧ ಯೂನಿಟ್ ಚಿಲ್ಲರೆ. ಅದನ್ನು ಬ್ಯಾಟರಿ ತಾಳುತ್ತದೆ.

ಇಂಜಿನ್ ಚಾಲೂ ಇಟ್ಟು ಮಲಗುವ ವಿಚಾರ ನಮ್ಮ ಡ್ರೈವರ್‌ಗಳಿಗೆ ಹೊಸದಲ್ಲ. ದಯವಿಟ್ಟು ಮಾಡಬೇಡಿ. ಸೈಲೆನ್ಸರ್ ಹೊಗೆ ಬಸ್ಸಿನ ಕೆಳಗೆ ಕಟ್ಟಿಕೊಂಡು ನೆಲದ ಸಂದಿಯಿಂದ ಒಳಗೆ ಬರುತ್ತದೆ. ಅದೇ ದೊಡ್ಡಮ್ಮನ ಗಾಳಿ.

ಗ್ಯಾಸಿನ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡಬೇಕು. ಎಲ್ಲರ ಮನಸ್ಸು ಮೊದಲು ಹೋಗುವುದು ಅಲ್ಲಿಗೇ. ಸಿಲಿಂಡರ್ ಹೇಗಿದ್ದರೂ ಬಸ್ಸಿನಲ್ಲಿದೆ, ಒಲೆ ಇದೆ, ಹಚ್ಚಿಟ್ಟರೆ ಐದು ನಿಮಿಷಕ್ಕೆ ಬೆಚ್ಚಗಾಗುತ್ತದೆ. ಊಟಿಯಲ್ಲಿ ನಾವು ಮಾಡಿದ್ದೂ ಅದನ್ನೇ. ಕಿಟಕಿ ಒಂದು ಚೂರು ತೆರೆದಿಟ್ಟಿದ್ದೆವು, ಅದೇ ಪುಣ್ಯ. ಮಲಗುವ ತನಕ ಎರಡೂ ಒಲೆ ಉರಿಸಿ ಆರಿಸಿದೆವು. ರಾತ್ರಿ ಎರಡು ಗಂಟೆಗೆ ಹಣೆ ಮೇಲೆ ತಣ್ಣನೆ ಹನಿ ಬಿತ್ತು. ಟಾರ್ಚ್ ಹಾಕಿ ನೋಡಿದರೆ ಚಾವಣಿ ತುಂಬ ಹನಿ, ಗಾಜಿನ ಮೇಲೆ ನೀರು ಇಳಿಯುತ್ತಿತ್ತು, ಹಾಸಿಗೆಯ ಅಂಚು ಹಿಂಡಿದರೆ ನೀರು ಬರುವಷ್ಟು ಒದ್ದೆ. ಇಬ್ಬರಿಗೂ ತಲೆ ಭಾರ.

ಆ ನೀರು ಬಂದಿದ್ದು ಗ್ಯಾಸಿನಿಂದಲೇ. ಒಂದು ಕೆಜಿ ಎಲ್‌ಪಿಜಿ ಉರಿದರೆ ಒಂದೂವರೆ ಕೆಜಿಗಿಂತ ಜಾಸ್ತಿ ನೀರಾವಿ ಹುಟ್ಟುತ್ತದೆ. ಗ್ಯಾಸಿನಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜೊತೆ ಸೇರಿ ನೀರಾಗುವುದು. ರಾತ್ರಿಯಿಡೀ 2,000 ವಾಟ್ ಕಾವು ಬೇಕೆಂದರೆ ಸುಮಾರು 1.6 ಕೆಜಿ ಗ್ಯಾಸ್ ಉರಿಯಬೇಕು. ಎರಡೂವರೆ ಲೀಟರ್ ನೀರನ್ನು ಗೋಡೆಗೆ ಸಿಂಪಡಿಸಿದ ಹಾಗೆ. ಇಬ್ಬರು ಉಸಿರಾಡಿ ಬಿಡುವ ಅರ್ಧ ಲೀಟರ್ ಬೇರೆ. ಹುಳುಮನೆಯಲ್ಲಿ ನಾವು ಬೇಕೆಂದೇ ತೇವ ಮಾಡುತ್ತೇವೆ, ಚಾಕಿ ಹುಳುವಿಗೆ ಅದು ಬೇಕು. ಬಸ್ಸಿಗೆ ತೇವ ಶತ್ರು. ಪ್ಲೈ ಉಬ್ಬುತ್ತದೆ, ತಗಡು ತುಕ್ಕು ಹಿಡಿಯುತ್ತದೆ, ಹಾಸಿಗೆಗೆ ಬೂಷ್ಟು ಬರುತ್ತದೆ.

ಇನ್ನೊಂದು ತೊಂದರೆ ಮೇಲಿನ ಊರುಗಳಲ್ಲಿ ಕಾಣುತ್ತದೆ. ನಮ್ಮ ಅಡುಗೆ ಗ್ಯಾಸ್ ಬ್ಯೂಟೇನ್, ಪ್ರೊಪೇನ್ ಎರಡರ ಮಿಶ್ರಣ. ಬ್ಯೂಟೇನ್ ಸೊನ್ನೆ ಡಿಗ್ರಿಗೆ ಅರ್ಧ ಡಿಗ್ರಿ ಕೆಳಗೆ ಬಂದರೆ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಚಳಿ ಜಾಸ್ತಿ ಆದಷ್ಟೂ ಉರಿ ಸಣ್ಣಗಾಗುತ್ತದೆ. ಅತಿ ಬೇಕಾದ ಹೊತ್ತಿಗೇ ಕೈಕೊಡುತ್ತದೆ. ಹೊರಗಿನ ಗಾಳಿಯಲ್ಲೇ ಉರಿದು ಹೊರಗೇ ಹೊಗೆ ಬಿಡುವ ಗ್ಯಾಸ್ ಹೀಟರ್‌ಗಳೂ ಇವೆ. ವಿದೇಶದ ಕ್ಯಾರವಾನ್‌ಗಳಲ್ಲಿ ಅವೇ ಇರುತ್ತವೆ. ಅವು ನನ್ನ ಪರೀಕ್ಷೆಯಲ್ಲಿ ಪಾಸು. ಆದರೆ ಸಿಲಿಂಡರ್ ಮುಗಿದಾಗ ದೂರದ ಊರಿನಲ್ಲಿ ತುಂಬಿಸಿಕೊಳ್ಳುವ ಪಾಡು ಯೋಚಿಸಿ. ಗ್ಯಾಸನ್ನು ಅಡುಗೆಗೆ ಇಟ್ಟುಕೊಳ್ಳಿ, ಕಾವಿಗೆ ಬೇಡ.

ಸೌದೆ ಒಲೆ ನನಗೆ ಇಷ್ಟ. ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯ ಕಾಜಾಕ್ಕೆ ಹೋದಾಗ ನಾವು ಊಟ ಮಾಡಿದ ಮನೆಯ ನಡುಮನೆಯಲ್ಲಿ ತಗಡಿನ ಒಲೆ ಇತ್ತು, ಹಿಮಾಲಯದ ಕಡೆ ಬುಖಾರಿ ಅನ್ನುತ್ತಾರೆ. ಹೊಗೆ ಕೊಳವೆ ನೆಟ್ಟಗೆ ಚಾವಣಿ ದಾಟಿ ಹೋಗಿತ್ತು. ಆ ಮನೆಯ ಅಜ್ಜಿ ಅದರ ಮೇಲೆಯೇ ಟೀ ಕಾಸಿ ಕೊಟ್ಟರು. ಒಳಗಿನ ಗಾಳಿ ಒಣಗಿ ಹಿತವಾಗಿತ್ತು. ಆದರೆ ಬಸ್ ಓಡಾಡುವ ಮನೆ. ಬಿಸಿ ಒಲೆ, ಸುತ್ತ ತಗಡಿನ ಮರೆ, ಚಾವಣಿಯಲ್ಲಿ ಬೆಂಕಿ ತಾಗದ ತೂತು, ಒಣ ಸೌದೆ ಪೇರಿಸುವ ಜಾಗ, ಇಷ್ಟೆಲ್ಲ ಬೇಕು. ಒಂದೇ ಕಡೆ ತಿಂಗಳುಗಟ್ಟಲೆ ನಿಲ್ಲಿಸುವವರಾದರೆ ಹಾಕಿಸಿ. ನಮ್ಮಂತೆ ಎರಡು ದಿನಕ್ಕೊಮ್ಮೆ ಹೊರಡುವವರಿಗೆ ಆಗುವುದಿಲ್ಲ.

ಕೊನೆಗೆ ನಾವು ಹಾಕಿಸಿದ್ದು ಡೀಸೆಲ್ ಏರ್ ಹೀಟರ್. ಲಾರಿ ಡ್ರೈವರ್‌ಗಳು ಇಂಜಿನ್ ಆರಿಸಿ ಕ್ಯಾಬಿನ್ನಿನಲ್ಲಿ ಮಲಗಲೆಂದೇ ಮಾಡಿದ ಯಂತ್ರ. ಅದು ಕೆಲಸ ಮಾಡುವ ರೀತಿ ಹೇಳುತ್ತೇನೆ, ಇಷ್ಟು ತಿಳಿದರೆ ಅಂಗಡಿಯವರ ಜೊತೆ ಧೈರ್ಯವಾಗಿ ಮಾತಾಡಬಹುದು.

ಹೆಚ್ಚುಕಮ್ಮಿ ಒಂದು ಶೂ ಡಬ್ಬದಷ್ಟು ಇರುತ್ತದೆ. ಒಳಗೆ ಅಲ್ಯುಮಿನಿಯಂ ಕೋಣೆ, ಅದರ ಸುತ್ತ ರೆಕ್ಕೆ ರೆಕ್ಕೆ. ಸ್ವಿಚ್ ಒತ್ತಿದರೆ ಮೊದಲು ಗ್ಲೋ ಪ್ಲಗ್ ಕೆಂಪಗೆ ಕಾಯುತ್ತದೆ. ಆಮೇಲೆ ಪುಟ್ಟ ಪಂಪು ಟಿಕ್, ಟಿಕ್ ಅಂತ ಟ್ಯಾಂಕಿನಿಂದ ಹನಿ ಹನಿ ಡೀಸೆಲ್ ಕೊಡುತ್ತದೆ. ಕೋಣೆಗೆ ಬೇಕಾದ ಗಾಳಿ ಬಸ್ಸಿನ ಕೆಳಗಿನ ಕೊಳವೆಯಿಂದ ಬರುತ್ತದೆ, ಹೊಗೆ ಇನ್ನೊಂದು ಕೊಳವೆಯಲ್ಲಿ ಕೆಳಕ್ಕೇ ಹೋಗುತ್ತದೆ. ಇನ್ನೊಂದು ಫ್ಯಾನ್ ಬಸ್ಸಿನೊಳಗಿನ ಗಾಳಿಯನ್ನು ಬಿಸಿ ರೆಕ್ಕೆಗಳ ಮೇಲೆ ಊದಿ ಒಳಗೇ ಕಳಿಸುತ್ತದೆ. ಎರಡೂ ಗಾಳಿ ಎಲ್ಲೂ ಭೇಟಿ ಆಗುವುದಿಲ್ಲ. ಡೀಸೆಲ್ ಉರಿದು ಹುಟ್ಟಿದ ನೀರಾವಿಯೂ ಹೊರಗೇ ಹೋಗುವುದರಿಂದ ಒಳಗೆ ಒಣ ಕಾವು.

ಖರ್ಚು ನೋಡಿ. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್ ಶಾಖ ಇದೆ. ನಮ್ಮದು 2 ಕಿಲೋವಾಟ್ ಹೀಟರ್. ಒಂದು ರಾತ್ರಿಗೆ ಒಂದೂವರೆ, ಎರಡು ಲೀಟರ್ ಕುಡಿಯುತ್ತದೆ. ಹೊತ್ತಿಸುವಾಗ ಎರಡು ಮೂರು ನಿಮಿಷ ಬ್ಯಾಟರಿಯಿಂದ 100 ವಾಟ್‌ಗಿಂತ ಜಾಸ್ತಿ ಎಳೆಯುತ್ತದೆ, ಆಮೇಲೆ ಒಂದು ಚಿಕ್ಕ ಬಲ್ಬಿನಷ್ಟು. ಬಸ್ಸಿನ ವೈರಿಂಗ್ 24 ವೋಲ್ಟ್ ಇದ್ದರೆ 24ರ ಹೀಟರನ್ನೇ ಕೇಳಿ ತೆಗೆದುಕೊಳ್ಳಿ.

5 ಕಿಲೋವಾಟ್‌ನದು ತೆಗೆದುಕೊಂಡರೆ ಒಳ್ಳೇದಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಒಳ್ಳೇದಲ್ಲ. ದೊಡ್ಡ ಹೀಟರನ್ನು ಸದಾ ಸಣ್ಣ ಉರಿಯಲ್ಲಿ ಇಟ್ಟರೆ ಒಳಗೆ ಮಸಿ ಕಟ್ಟುತ್ತದೆ. ನಾವು ಅಕ್ಟೋಬರ್ ಕೊನೆಯಲ್ಲಿ ಕಾಜಾದಲ್ಲಿದ್ದಾಗ ಹೊರಗೆ ಸೊನ್ನೆಗಿಂತ ಏಳು ಡಿಗ್ರಿ ಕೆಳಗೆ. ಲೆಕ್ಕದ ಪ್ರಕಾರ ಇಡೀ ಬಸ್ಸಿಗೆ 2,500 ವಾಟ್ ಬೇಕು, ನಮ್ಮ ಹತ್ತಿರ ಇದ್ದದ್ದು ಅದಕ್ಕಿಂತ ಕಮ್ಮಿ. ಬಸ್ಸಿನ ನಡುವೆ ಎರಡು ಕಂಬಳಿ ಕಟ್ಟಿ, ಮಂಚ ಇರುವ ಹಿಂದಿನ ಅರ್ಧವನ್ನು ಮಾತ್ರ ಕಾಯಿಸಿದೆವು. ಮುಂದಿನ ಅರ್ಧದಲ್ಲಿ ಇಟ್ಟ ತಂಬಿಗೆ ನೀರಿನ ಮೇಲೆ ಬೆಳಿಗ್ಗೆ ಮಂಜುಗಡ್ಡೆಯ ಪೊರೆ ಬಂದಿತ್ತು. ನಾವು ಮಲಗಿದ ಕಡೆ 18 ಡಿಗ್ರಿ.

ಎತ್ತರದ ಊರಿಗೆ ಹೋಗುವವರು ಎರಡು ವಿಷಯ ಗಮನಿಸಿ. ಕಾಜಾ ಇರುವುದು ಸಮುದ್ರಮಟ್ಟದಿಂದ ಸುಮಾರು 3,650 ಮೀಟರ್ ಮೇಲೆ. ನಮ್ಮ ನಂದಿಬೆಟ್ಟದ ಎರಡೂವರೆಯಷ್ಟು. ಅಲ್ಲಿ ಗಾಳಿಯ ಸಾಂದ್ರತೆ ಮೂರನೇ ಎರಡು ಪಾಲು ಮಾತ್ರ. ಪಂಪು ಮಾತ್ರ ಅಷ್ಟೇ ಡೀಸೆಲ್ ಕೊಡುತ್ತಿದ್ದರೆ ಅರೆಬರೆ ಉರಿದು ಕಪ್ಪು ಹೊಗೆ, ಮಸಿ. ಎತ್ತರಕ್ಕೆ ತಕ್ಕಂತೆ ಡೀಸೆಲ್ ಕಮ್ಮಿ ಮಾಡುವ ವ್ಯವಸ್ಥೆ ಇರುವ ಮಾದರಿಯನ್ನೇ ಕೊಳ್ಳಿ. ಎರಡನೆಯದು, ಡೀಸೆಲ್‌ನಲ್ಲಿರುವ ಮೇಣ ಚಳಿಗೆ ಹೆಪ್ಪುಗಟ್ಟುತ್ತದೆ. ಬಯಲುಸೀಮೆಯಲ್ಲಿ ತುಂಬಿಸಿದ ಡೀಸೆಲ್ ಅಲ್ಲಿ ಪಂಪಿಗೆ ಹತ್ತದೇ ಹೋಗಬಹುದು. ಲಡಾಖಿಗೆಂದೇ ಇಂಡಿಯನ್ ಆಯಿಲ್ 2019ರಲ್ಲಿ ಚಳಿಗಾಲದ ಡೀಸೆಲ್ ತಂದಿತು, ಅದು ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯುತ್ತದೆ.

ಈಗ ಜೋಡಣೆ. ಇಲ್ಲಿ ಒಂದು ಘಟನೆ ಹೇಳಲೇಬೇಕು.

ಹೀಟರ್ ಹಾಕಿಸಿದ ಮೊದಲ ರಾತ್ರಿ, ಪರೀಕ್ಷೆಗೆಂದು ಹೈದರಾಬಾದ್ ರಸ್ತೆಯಲ್ಲಿ ಬಾಗೇಪಲ್ಲಿ ದಾಟಿ ಒಂದು ಪೆಟ್ರೋಲ್ ಬಂಕಿನ ಅಂಗಳದಲ್ಲಿ ನಿಲ್ಲಿಸಿದ್ದೆವು. ಜೋಡಿಸಿದ ಅಂಗಡಿಯವರು ಕೆಲಸ ಮುಗಿಸಿ, ಎಲ್ಲ ಸರಿ ಇದೆ ಅಂದಿದ್ದರು. ಒಂದು ಗಂಟೆ ಬೆಚ್ಚಗೆ ಮಲಗಿದ್ದೆವು. ಆಮೇಲೆ ತಲೆ ಹತ್ತಿರ ಇಟ್ಟಿದ್ದ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಗಿತು. ನನಗೆ ಏನೂ ವಾಸನೆ ಇಲ್ಲ, ಕಣ್ಣುರಿ ಇಲ್ಲ, ಸುಖವಾದ ನಿದ್ದೆ ಅಷ್ಟೇ. "ಏಳು, ಏಳು, ಹೊರಗೆ ನಡಿ" ಅಂತ ಯಜಮಾನರು ಕೈ ಹಿಡಿದು ಎಳೆದರು. ಬಾಗಿಲೆಲ್ಲ ತೆರೆದು ಅರ್ಧ ಗಂಟೆ ಚಳಿಯಲ್ಲಿ ನಿಂತೆವು. ಆಮೇಲೆ ಅವರು ಟಾರ್ಚ್ ಹಿಡಿದು ಬಸ್ಸಿನ ಕೆಳಗೆ ನುಸುಳಿದರು. ಹೊಗೆ ಕೊಳವೆ ಹೀಟರ್‌ಗೆ ಸೇರುವ ಜಾಗದಲ್ಲಿ ಕ್ಲಾಂಪ್ ಹಾಕಿದ್ದರು, ಬಿಗಿ ಮಾಡಿರಲಿಲ್ಲ. ಬೆರಳಿನಲ್ಲಿ ತಿರುಗಿಸಿದರೆ ತಿರುಗುತ್ತಿತ್ತು. ಅದರ ಮೇಲೆಯೇ ನೆಲದ ಪ್ಲೈಯಲ್ಲಿ ವೈರ್ ಹಾಯಿಸಲು ಕೊರೆದ ತೂತು, ಅದನ್ನೂ ಮುಚ್ಚಿರಲಿಲ್ಲ.

ಹನ್ನೆರಡು ವರ್ಷದ ಹುಡುಗಿಯಾಗಿ ನಾನು ನೋಡಿದ್ದು ಮತ್ತೆ ನಮ್ಮ ಬಾಗಿಲಿಗೆ ಬಂದಿತ್ತು. ಈ ಸಲ ಒಂದು ಚಿಕ್ಕ ಡಬ್ಬಿ ಎಬ್ಬಿಸಿತು. ಅದಕ್ಕೇ ಹೇಳುತ್ತೇನೆ, ಯಾವ ಹೀಟರ್ ಕೊಂಡರೂ ಅಲಾರಂ ಇಲ್ಲದೆ ಒಂದು ರಾತ್ರಿಯೂ ಮಲಗಬೇಡಿ. ಯುರೋಪಿನ ಮಾನದಂಡದ ಅಲಾರಂಗಳು ಗಾಳಿಯಲ್ಲಿ ಆ ಅನಿಲ 50 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 50 ಪಾಲು, ಇದ್ದರೆ ಒಂದರಿಂದ ಒಂದೂವರೆ ಗಂಟೆಯೊಳಗೆ ಕೂಗುತ್ತವೆ, 300 ಇದ್ದರೆ ಮೂರೇ ನಿಮಿಷದಲ್ಲಿ. ಮಲಗಿದಾಗ ಮೂಗು ಇರುವ ಎತ್ತರದಲ್ಲಿ ಇಡಿ. ಅದರ ಸೆನ್ಸರ್‌ಗೂ ಆಯಸ್ಸು ಇರುತ್ತದೆ, ಹಿಂದೆ ಬರೆದಿರುವ ದಿನಾಂಕ ನೋಡಿ ಬದಲಿಸಿ. ಗ್ಯಾಸ್ ಸೋರಿಕೆಯ ಅಲಾರಂ ಬೇರೆಯೇ ಬೇಕು, ಅದನ್ನು ನೆಲದ ಹತ್ತಿರ ಇಡಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಕೆಳಗೆ ಮಡುಗಟ್ಟುತ್ತದೆ.

ಹೊಗೆ ಕೊಳವೆಯ ಜಾಯಿಂಟ್‌ಗಳೆಲ್ಲ ನೆಲದ ಕೆಳಗೆ, ಹೊರಗಡೆಯೇ ಇರಬೇಕು. ಅದರ ತುದಿ ಬಾಗಿಲ ಕೆಳಗೆ, ಕಿಟಕಿಯ ಕೆಳಗೆ ಬರಬಾರದು, ಹೊರಗಿನ ಗಾಳಿ ಎಳೆಯುವ ಕೊಳವೆಯಿಂದ ದೂರ ಇರಬೇಕು. ಕೊಳವೆ ಕೆಂಡದ ಹಾಗೆ ಕಾಯುತ್ತದೆ, ಮರ, ಫೋಮ್, ವೈರ್ ಯಾವುದೂ ಹತ್ತಿರ ಸುಳಿಯಬಾರದು. ಹೀಟರ್ ಕೂರುವ ಜಾಗದಲ್ಲಿ ಪ್ಲೈ ಕತ್ತರಿಸಿ ತಗಡು ಹಾಕಿಸಿ. ಆರಿಸುವಾಗ ಸ್ವಿಚ್ಚಿನಲ್ಲೇ ಆರಿಸಿ, ಬ್ಯಾಟರಿ ಕಟ್ ಮಾಡಬೇಡಿ. ಆರಿದ ಮೇಲೂ ನಾಲ್ಕೈದು ನಿಮಿಷ ಫ್ಯಾನ್ ಓಡಿ ತನ್ನನ್ನು ತಾನೇ ತಣ್ಣಗೆ ಮಾಡಿಕೊಳ್ಳುತ್ತದೆ. ಜೋಡಿಸಿದವರು ಎಷ್ಟೇ ಅನುಭವಸ್ಥರಾಗಿರಲಿ, ಬಸ್ಸಿನ ಕೆಳಗೆ ನೀವೇ ಒಂದು ಸಲ ಹೋಗಿ ಪ್ರತಿ ಕ್ಲಾಂಪ್ ಕೈಯಲ್ಲಿ ಹಿಡಿದು ನೋಡಿ. ಇನ್ನೊಂದು, ಬಸ್ಸಿನ ಎಮರ್ಜೆನ್ಸಿ ಬಾಗಿಲಿಗೆ ಅಡ್ಡ ಮಂಚ ಹಾಕಿಸಬೇಡಿ. ಎಷ್ಟೋ ಬಸ್ಸುಗಳಲ್ಲಿ ನೋಡಿದ್ದೇನೆ, ಎದೆ ಝಲ್ ಅನ್ನುತ್ತದೆ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು.

ಗೌರಿಬಿದನೂರಿನಿಂದ ಬಂದಿದ್ದ ಹುಡುಗ: "ಮೇಡಂ, ನಾನು ಬಸ್ಸನ್ನ ನಮ್ಮ ತೋಟದಲ್ಲೇ ನಿಲ್ಲಿಸ್ತೀನಿ, ಎಲ್ಲೂ ಹೋಗಲ್ಲ. ನನಗೂ ಡೀಸೆಲ್ ಹೀಟರ್ ಬೇಕಾ?" ಬೇಡ ಕಣಪ್ಪ ಅಂದೆ. ನಮ್ಮ ಜಿಲ್ಲೆಯ ಚಳಿಗೆ ಫೋಮ್ ಸರಿಯಾಗಿ ಹಾಕಿಸಿದರೆ ಹೀಟರ್ರೇ ಬೇಡ. ಮಲಗಿರುವ ಒಬ್ಬ ಮನುಷ್ಯನೇ 70–80 ವಾಟ್ ಶಾಖ ಕೊಡುತ್ತಾನೆ. ಕಂಬಳಿ ಪರದೆ, ಒಂದು ರಬ್ಬರಿನ ಬಿಸಿನೀರಿನ ಚೀಲ, ತೋಟದ ಮನೆಯಿಂದ ವೈರ್ ಎಳೆದರೆ ಒಂದು ಎಲೆಕ್ಟ್ರಿಕ್ ಕಂಬಳಿ. ಉಳಿದ ದುಡ್ಡಿನಲ್ಲಿ ಕಿಟಕಿಗೆ ಜೋಡಿ ಗಾಜು ಹಾಕಿಸು.

ಶಿಡ್ಲಘಟ್ಟದ ಒಬ್ಬ ಹಿರಿಯರು ಎದ್ದು ನಿಂತರು. "ಕಿಟಕಿ ತೆಗೆದಿಟ್ಟು ಅಗ್ಗಿಷ್ಟಿಕೆ ಇಟ್ಟರೆ ಆಗಲ್ವೇನಮ್ಮ? ನಾವು ನಲವತ್ತು ವರ್ಷದಿಂದ ಇಟ್ಟಿದ್ದೀವಿ." ಅವರ ಅನುಭವದ ಬಗ್ಗೆ ನನಗೆ ಗೌರವ ಇದೆ, ಹಾಗೇ ಹೇಳಿದೆ. ಆದರೆ ಕಿಟಕಿ ಎಷ್ಟು ತೆರೆದರೆ ಸಾಕು ಅನ್ನುವುದು ಗಾಳಿ ಬೀಸುವ ದಿಕ್ಕು, ಇದ್ದಿಲಿನ ತೇವ, ಕೆಂಡಕ್ಕೆ ಎಷ್ಟು ಬೂದಿ ಮುಚ್ಚಿದೆ ಅನ್ನುವುದರ ಮೇಲೆ ಹೋಗುತ್ತದೆ. ನಿದ್ದೆಯಲ್ಲಿ ಯಾರು ನೋಡುತ್ತಾರೆ? ಬೂದಿ ಮುಚ್ಚಿ ಆರಿದಂತೆ ಕಾಣುವ ಕೆಂಡವೇ ಆ ಗಾಳಿಯನ್ನು ಬಿಡುತ್ತಾ ಇರುತ್ತದೆ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, "ನಮ್ಮ ಮನೇಲೂ ಒಬ್ಬರಿಗೆ ಹೀಗೇ ಆಗಿತ್ತು" ಅಂದರು. ಮುಂದೆ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಒಬ್ಬ ತಾಯಿ ಸ್ನಾನದ ನೀರಿನ ಬಗ್ಗೆ ಕೇಳಿದರು. ಗಾಳಿ, ನೀರು ಎರಡನ್ನೂ ಕಾಯಿಸುವ ಡೀಸೆಲ್ ಹೀಟರ್‌ಗಳಿವೆ, ಬೆಲೆ ಜಾಸ್ತಿ. ನಾವು ಒಲೆ ಮೇಲೆ ಒಂದು ಪಾತ್ರೆ ನೀರು ಕಾಸಿ ಬೆರಕೆ ಮಾಡಿಕೊಳ್ಳುತ್ತೇವೆ. ಆ ಹೊತ್ತಿಗೆ ಚಾವಣಿಯ ಫ್ಯಾನ್ ಹಾಕಿ ಆವಿಯನ್ನು ಹೊರಗೆ ಕಳಿಸುತ್ತೇವೆ.

ಆಮೇಲೆ ಎಲ್ಲರೂ ಹುಣಸೆಮರದ ಕೆಳಗೆ ಬಂದರು. ಒಂದು ಸಲಕ್ಕೆ ಆರೇ ಜನ ಹತ್ತಿ ಅಂತ ಯಜಮಾನರು ಮೆಟ್ಟಿಲ ಹತ್ತಿರ ನಿಂತರು. ನಾನು ಸ್ವಿಚ್ ಒತ್ತಿದೆ. ಎರಡು ನಿಮಿಷ ಏನೂ ಆಗಲಿಲ್ಲ. ಆಮೇಲೆ ಪಂಪಿನ ಟಿಕ್ ಟಿಕ್ ಶುರುವಾಯಿತು, ಮಂಚದ ಕೆಳಗಿನ ಜಾಲರಿಯಿಂದ ಬೆಚ್ಚನೆ ಗಾಳಿ ಬಂತು. ಸೀರೆ ಸೆರಗು ಹೊದ್ದು ನಿಂತಿದ್ದ ಒಬ್ಬ ಅಜ್ಜಿ ಬಗ್ಗಿ ಎರಡೂ ಅಂಗೈ ಅದಕ್ಕೆ ಹಿಡಿದರು. ಹೊರಗೆ ಗೌರಿಬಿದನೂರಿನ ಆ ಹುಡುಗ ಮಣ್ಣಿನ ಮೇಲೆ ಅಂಗಾತ ಮಲಗಿ, ಮೊಬೈಲ್ ಬೆಳಕಿನಲ್ಲಿ ಬಸ್ಸಿನ ಕೆಳಗಿನ ಕ್ಲಾಂಪ್‌ಗಳನ್ನು ಒಂದೊಂದಾಗಿ ನೋಡುತ್ತಿದ್ದ. "ಕೊಳವೆ ಬಿಸಿ ಇರುತ್ತೆ, ಮುಟ್ಟಬೇಡಪ್ಪ" ಅಂತ ಯಜಮಾನರು ಬಗ್ಗಿ ಹೇಳಿದರು.